ಹೊತ್ತು ಹೋಗದವನ ಖರ್ಚು

ಮಗೂ, 20ನೇ ತಾರೀಖಿಗೆಲ್ಲ ಸಂಬಳ ಮುಗಿದುಹೋಗುತ್ತೆ ಅತ್ತೆ ಅಂತ ಫೋನಿನಲ್ಲಿ ನಗುತ್ತಾ ಹೇಳಿದೆಯಲ್ಲ, ಆವತ್ತಿನಿಂದ ನಿನಗೆ ನಾಲ್ಕು ಮಾತು ಬರೆಯಬೇಕು ಅಂದುಕೊಂಡಿದ್ದೆ. ಕುಡಿತ ಇಲ್ಲ, ಜೂಜಿಲ್ಲ, ಬಾಡಿಗೆಯನ್ನು ಮೂವರು ಹಂಚಿಕೊಳ್ಳುತ್ತೀರಿ. ಹಾಗಿದ್ದೂ ದುಡ್ಡು ನಿಲ್ಲುವುದಿಲ್ಲ. ನಿಮ್ಮಪ್ಪ ಇದನ್ನು ದುಂದುಗಾರಿಕೆ ಅನ್ನುತ್ತಾನೆ. ನಾನು ಹಾಗನ್ನುವುದಿಲ್ಲ. ನಿನಗೆ ಸಾಯಂಕಾಲ ಹೊತ್ತು ಹೋಗುವುದಿಲ್ಲ, ಅಷ್ಟೇ ವಿಷಯ. ಹೊತ್ತು ಹೋಗದವನ ಕೈಯಲ್ಲಿ ದುಡ್ಡು ನಿಂತದ್ದನ್ನು ನಾನು ನೋಡಿಲ್ಲ.

ಅನುಮಾನವಿದ್ದರೆ ನಿನ್ನ ಯುಪಿಐ ಆ್ಯಪಿನಲ್ಲಿ ಹಳೆಯ ಪಾವತಿಗಳ ಪಟ್ಟಿ ತೆಗೆ. ಎಷ್ಟು ಹೋಯಿತು ಅನ್ನುವುದನ್ನು ಆಮೇಲೆ ನೋಡುವೆಯಂತೆ, ಮೊದಲು ಯಾವ ಹೊತ್ತಿಗೆ ಹೋಯಿತು ನೋಡು. ಹಾಲು, ತರಕಾರಿ, ಮೆಟ್ರೋ ಎಲ್ಲ ಹಗಲಿನ ಖರ್ಚು. ಅವು ಯಾರ ಮನೆಯನ್ನೂ ಮುಳುಗಿಸಿಲ್ಲ. ರಾತ್ರಿ ಒಂಬತ್ತೂವರೆಯ ಮೇಲೆ, ಮಂಚದ ಮೇಲೆ ಬಿದ್ದುಕೊಂಡು, ಬೆರಳಿಗೆ ಬೇರೆ ಕೆಲಸವಿಲ್ಲದಾಗ ಹೋದದ್ದನ್ನು ಮಾತ್ರ ಕೂಡಿಸು. ಇನ್ನೊಂದು ಇಯರ್‌ಫೋನು, ಮೂರು ಟೀಶರ್ಟ್ ಕೊಂಡರೆ ಒಂದು ಉಚಿತ ಅಂತ ತಂದ ನಾಲ್ಕು, ಹಸಿವಿಲ್ಲದೆ ತರಿಸಿದ ಬಿರಿಯಾನಿ. ಇವುಗಳಲ್ಲಿ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೂ ಬೇಕು ಅನ್ನಿಸುವಂಥದ್ದು ಎಷ್ಟಿವೆ ಅಂತ ನೀನೇ ಗುರುತು ಹಾಕು. ನನಗೆ ತೋರಿಸಬೇಕಾಗಿಲ್ಲ.

ನಾನು ಬ್ಯಾಂಕಿಗೆ ಸೇರಿದ ಕಾಲದಲ್ಲಿ ದುಡ್ಡು ತೆಗೆಯುವುದೇ ಒಂದು ಕಾರ್ಯಕ್ರಮ. ವಿತ್‌ಡ್ರಾಯಲ್ ಸ್ಲಿಪ್ ತುಂಬಿ, ಪಾಸ್‌ಬುಕ್ ಜೊತೆಗಿಟ್ಟು, ನಂಬರು ಕೊರೆದ ಹಿತ್ತಾಳೆ ಟೋಕನ್ ಹಿಡಿದು ಬೆಂಚಿನ ಮೇಲೆ ಕೂರಬೇಕು. ನಮ್ಮ ಕಡೆ ಲೆಡ್ಜರ್ ತೆಗೆದು, ಸಹಿ ತಾಳೆ ನೋಡಿ, ಆಫೀಸರ್ ಸಹಿ ಬಿದ್ದು, ಕ್ಯಾಶ್ ಕೌಂಟರಿಗೆ ಹೋಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತಿತ್ತು. ಅಷ್ಟರೊಳಗೆ ಮನಸ್ಸು ಬದಲಾಯಿಸಿ, ‘ಅಷ್ಟು ಬೇಡ ಮೇಡಂ, ಐನೂರು ಸಾಕು’ ಅಂತ ಸ್ಲಿಪ್ ವಾಪಸ್ ಕೇಳಿದವರು ಎಷ್ಟೋ ಜನ. ನಮಗೆ ರೇಗುತ್ತಿತ್ತು, ಮತ್ತೆ ಎಂಟ್ರಿ ಹೊಡೆದುಹಾಕಬೇಕಲ್ಲ. ಈಗ ಯೋಚಿಸಿದರೆ ಆ ಬೆಂಚು ಎಷ್ಟು ಸಂಸಾರಗಳ ದುಡ್ಡು ಉಳಿಸಿತೋ ಏನೋ ಅನ್ನಿಸುತ್ತದೆ.

2016ರಲ್ಲಿ ಯುಪಿಐ ಬಂತು. ಅದನ್ನು ಬೈಯುವವಳು ನಾನಲ್ಲ. ಚಿಲ್ಲರೆ ಕೇಳಿದರೆ ಚಾಕೊಲೇಟ್ ಕೊಡುತ್ತಿದ್ದ ಅಂಗಡಿಯವರಿಂದ ನನಗೆ ಮುಕ್ತಿ ಸಿಕ್ಕಿದ್ದು ಅದರಿಂದಲೇ. ಆದರೆ ಆ ಬೆಂಚನ್ನು ಅದು ಎತ್ತಿಕೊಂಡು ಹೋಯಿತು. ನಿನಗೆ ಬೇಕಾದ ಬೆಂಚನ್ನು ಈಗ ನೀನೇ ಹಾಕಿಕೊಳ್ಳಬೇಕು. ಸಂಬಳ ಬೀಳುವ ಖಾತೆಯನ್ನು ಯುಪಿಐಗೆ ಜೋಡಿಸಲೇಬೇಡ. ಇನ್ನೊಂದು ಖಾತೆ ಮಾಡಿಸು, ವಾರಕ್ಕೆ ಇಷ್ಟು ಅಂತ ಅದಕ್ಕೆ ಹಾಕು, ಫೋನಿಗೆ ಅದೊಂದೇ ಗೊತ್ತಿರಲಿ. ಶಾಪಿಂಗ್ ಆ್ಯಪುಗಳಲ್ಲಿ ಉಳಿಸಿಟ್ಟಿರುವ ಕಾರ್ಡ್ ನಂಬರು ಅಳಿಸು. ಪ್ರತಿ ಸಲ ಹದಿನಾರು ಅಂಕಿ ಒತ್ತುವ ಬೇಸರಕ್ಕೇ ಅರ್ಧ ಸಾಮಾನು ಬೇಡವಾಗುತ್ತದೆ. ಸಾವಿರ ರೂಪಾಯಿ ಮೇಲಿನದ್ದು ಯಾವುದೇ ಇರಲಿ, ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸು, ಭಾನುವಾರ ತನಕ ಅಲ್ಲೇ ಇರಲಿ. ಸಂಬಳ ಬಂದ ಮಾರನೇ ದಿನ ಒಂದಷ್ಟು ಆರ್‌ಡಿಗೆ ಹೋಗುವ ಹಾಗೆ ಬರೆದುಕೊಡು. ಪೋಸ್ಟಾಫೀಸಿನಲ್ಲಾದರೆ ತಿಂಗಳಿಗೆ 100 ರೂಪಾಯಿಯಿಂದಲೇ ಶುರು ಮಾಡಬಹುದು, 5 ವರ್ಷದ ಅವಧಿ. ಉಳಿದ ಮೇಲೆ ಉಳಿಸುತ್ತೇನೆ ಅಂದವರು ಉಳಿಸಿದ್ದನ್ನು ಕೌಂಟರಿನ ಈಚೆ ಕೂತು ನಾನು ಕಂಡಿಲ್ಲ.

ಇನ್ನು ಕ್ರೆಡಿಟ್ ಕಾರ್ಡು. ಇದೊಂದನ್ನು ಗಮನವಿಟ್ಟು ಓದು. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಅಂತ ಒಂದು ಅಂಕಿ ಇರುತ್ತದೆ, ಸಾಮಾನ್ಯವಾಗಿ ಒಟ್ಟು ಬಾಕಿಯ ಶೇ 5ರ ಆಸುಪಾಸು. 20,000 ಬಾಕಿ ಇದ್ದರೆ 1,000 ಕಟ್ಟಿದರೆ ಸಾಕು ಅನ್ನುತ್ತದೆ. ಎಷ್ಟು ಉದಾರಿಗಳು ಅನ್ನಿಸುತ್ತೆ, ಅಲ್ಲವಾ? ತಿಂಗಳಿಗೆ ಶೇ 3.5 ಬಡ್ಡಿ ಅಂತ ಇಟ್ಟುಕೋ. ಕಾರ್ಡುಗಳಲ್ಲಿ ಇದು ಮಾಮೂಲಿ ದರ. 20,000ಕ್ಕೆ 700 ಬಡ್ಡಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 126. ನೀನು ಕಟ್ಟಿದ ಸಾವಿರದಲ್ಲಿ 826 ಅಲ್ಲಿಗೇ ಹೋಯಿತು. ಸಾಲದಿಂದ ಕಳೆದದ್ದು 174 ರೂಪಾಯಿ. ಸಾಲದ್ದಕ್ಕೆ, ಹಳೇ ಬಾಕಿ ಉಳಿದಿರುವ ತನಕ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕಾರ್ಡು ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ವರ್ಷಕ್ಕೆ ಶೇ 42 ಆಯಿತು. ನಮ್ಮೂರಿನ ಬಡ್ಡಿ ಸಾಹುಕಾರರು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಅಂದರೆ ಬೀದಿಯೇ ಶಾಪ ಹಾಕುತ್ತಿತ್ತು. ಇವರು ಎಸಿ ರೂಮಿನಲ್ಲಿ ಕೂತು ಮೂರೂವರೆ ತೆಗೆದುಕೊಂಡರೂ ನಾವು ರಿವಾರ್ಡ್ ಪಾಯಿಂಟ್ ಎಣಿಸುತ್ತಾ ಕೂರುತ್ತೇವೆ. ಕಾರ್ಡು ಬೇಡ ಅನ್ನುತ್ತಿಲ್ಲ. ಪೂರ್ತಿ ಬಿಲ್ಲು ಖಾತೆಯಿಂದ ತಾನಾಗಿ ಕಟ್ಟಿಹೋಗುವ ಹಾಗೆ ಬ್ಯಾಂಕಿಗೆ ಹೇಳಿಡು. ಹಾಗೆ ಕಟ್ಟಲಾಗದ ತಿಂಗಳು ಕಾರ್ಡು ಬೀರುವಿನಲ್ಲಿರಲಿ.

‘ನೋ ಕಾಸ್ಟ್ ಇಎಂಐ’ ಅನ್ನುವುದೂ ಇದೇ ಜಾತಿ. ಬಡ್ಡಿಯಿಲ್ಲದ ಸಾಲ ಅಂತ ಒಂದಿಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗ ನಡೆಯುವುದೇನೆಂದರೆ, ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಅಂಗಡಿಯವನು ಬೆಲೆಯಲ್ಲಿ ಇಳಿಸಿದ ಹಾಗೆ ತೋರಿಸುತ್ತಾನೆ. 30,000ದ ಫೋನನ್ನು ಶೇ 15ರ ದರದಲ್ಲಿ ಆರು ಕಂತು ಮಾಡಿದರೆ ಬಡ್ಡಿ ಸುಮಾರು 1,270. ಅದು ಸರಿಹೋಯಿತು ಅಂತಲೇ ಇಟ್ಟುಕೊಂಡರೂ, ಅದರ ಮೇಲಿನ ಜಿಎಸ್‌ಟಿ ಇನ್ನೂರಿಪ್ಪತ್ತು ಮೂವತ್ತು ರೂಪಾಯಿ ನಿನ್ನ ತಲೆಗೆ, ಪ್ರೊಸೆಸಿಂಗ್ ಫೀ ಬೇರೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಒಟ್ಟಿಗೆ ದುಡ್ಡು ಕೊಡುತ್ತೇನೆ, ಎಷ್ಟು ಬಿಡುತ್ತೀಯ ಅಂತ ಕೇಳುವ ಬಾಯಿಯೇ ಮುಚ್ಚಿಹೋಗುತ್ತದೆ. ಮೊದಲು ಆ ಮಾತು ಕೇಳು, ಆಮೇಲೆ ಕಂತಿನ ಮಾತು.

ಆ್ಯಪುಗಳ ಚೇಷ್ಟೆ ಸರ್ಕಾರಕ್ಕೂ ಗೊತ್ತಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಇನ್ನು ಎರಡೇ ಪೀಸು ಉಳಿದಿದೆ ಅಂತ ಸುಳ್ಳು ಅವಸರ ಹುಟ್ಟಿಸುವುದು, ಕೇಳದೇ ಬುಟ್ಟಿಗೆ ಇನ್ನೊಂದು ಸಾಮಾನೋ ದೇಣಿಗೆಯೋ ಸೇರಿಸುವುದು, ಸೇರಲು ಒಂದೇ ಗುಂಡಿ ಇಟ್ಟು ಬಿಡಲು ಹತ್ತು ಬಾಗಿಲು ಸುತ್ತಿಸುವುದು, ಮೊದಲು ಒಂದು ಬೆಲೆ ತೋರಿಸಿ ಕೊನೆಗೆ ಇನ್ನೊಂದು ಮಾಡುವುದು, ಎಲ್ಲ ಅದರಲ್ಲಿವೆ. ಕಾನೂನು ಬಂತು ಅಂತ ಚೇಷ್ಟೆ ನಿಂತುಹೋಗಿದೆ ಅಂದುಕೊಳ್ಳಬೇಡ. ಹಾಗೆಯೇ ತಿಂಗಳು ತಿಂಗಳೂ ತಾನಾಗಿ ಕಡಿತವಾಗುವ ಚಂದಾಗಳು. ಕಡಿತಕ್ಕೆ 24 ಗಂಟೆ ಮೊದಲು ಮೆಸೇಜು ಬರಲೇಬೇಕು ಅಂತ ನಿಯಮವಿದೆ. ನಿನಗೂ ಬಂದೇ ಇರುತ್ತದೆ. ಓದದೇ ಪಕ್ಕಕ್ಕೆ ತಳ್ಳಿರುತ್ತೀಯ. ಯುಪಿಐ ಆ್ಯಪಿನಲ್ಲಿ ಆಟೋಪೇ ಅನ್ನುವ ಕಡೆ ಹೋಗಿ ನೋಡು, ಎಂದೋ ಮರೆತ ಪುಣ್ಯಾತ್ಮರೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತಾರೆ.

ಊಟ ತರಿಸುವ ವಿಷಯ ನಾನು ಎತ್ತಬಾರದು ಅಂದುಕೊಂಡಿದ್ದೆ, ನಿಮ್ಮಮ್ಮ ಹೇಗೂ ದಿನಾ ಎತ್ತುತ್ತಾಳೆ. ಒಂದೇ ಮಾತು ಹೇಳಿ ಬಿಡುತ್ತೇನೆ. ಪ್ಲಾಟ್‌ಫಾರ್ಮ್ ಫೀ ಅನ್ನುವುದು 2023ರಲ್ಲಿ 2 ರೂಪಾಯಿಯಿಂದ ಶುರುವಾಗಿ ಈಗ ಹತ್ತು ದಾಟಿದೆ. ಪ್ಯಾಕಿಂಗು, ಡೆಲಿವರಿ, ತೆರಿಗೆ ಸೇರಿದರೆ ಬೀದಿ ಕೊನೆಯ ದರ್ಶಿನಿಯ ದೋಸೆ ಒಂದೂವರೆ ಪಟ್ಟು ಆಗುತ್ತದೆ. ದುಡ್ಡಿಗಿಂತ ನನಗೆ ಹೊಟ್ಟೆ ಉರಿಯುವುದು ದೋಸೆಯ ಗತಿ ನೋಡಿ. ಡಬ್ಬಿಯೊಳಗೆ ಹಬೆಗೆ ಮೆತ್ತಗಾಗಿ, ಮಡಿಚಿಟ್ಟ ಒದ್ದೆ ಟವೆಲಿನ ಹಾಗೆ ಬರುತ್ತದೆ. ಚಪ್ಪಲಿ ಮೆಟ್ಟಿಕೊಂಡು ಹೋಗಿ, ಕಲ್ಲಿನ ಮೇಜಿನ ಮುಂದೆ ನಿಂತು ಬಿಸಿಬಿಸಿ ತಿನ್ನು. ಅದು ನಾನು ಯಾವತ್ತೂ ಬೇಡ ಅನ್ನದ ಖರ್ಚು.

ನಾನು ಜಿಪುಣತನ ಕಲಿಸುತ್ತಿದ್ದೇನೆ ಅಂತ ಮಾತ್ರ ತಿಳಿಯಬೇಡ. ಕಾಸಿಗೆ ಕಾಸು ಗಂಟು ಹಾಕಿ, ಮಗಳ ಮದುವೆಯಲ್ಲೂ ಪಾಯಸ ಅಳೆದು ಬಡಿಸಿದವರನ್ನು ನೋಡಿದ್ದೇನೆ. ಅವರಿಗೂ ಹೊತ್ತು ಹೋಗುತ್ತಿರಲಿಲ್ಲ, ಪಾಸ್‌ಬುಕ್ ಎಂಟ್ರಿ ಮಾಡಿಸಲು ದಿನಾ ಬರುತ್ತಿದ್ದರು! ಬೇಡದ ಖರ್ಚು ನಿಲ್ಲಿಸಲು ಹಲ್ಲು ಕಚ್ಚಿ ಕೂತರೆ ಒಂದು ತಿಂಗಳು ನಡೆದೀತು. ಆ ಹೊತ್ತಿಗೆ ಬೇರೆ ಏನಾದರೂ ಬೇಕು, ಅದೂ ರುಚಿಸುವಂಥದ್ದು.

ನಿನಗೆ ಓದುವ ಹುಚ್ಚಿತ್ತು ಚಿಕ್ಕವನಿದ್ದಾಗ. ಈಗ ಪುಸ್ತಕ ಕೊಂಡು ಪೇರಿಸುತ್ತೀಯ, ಬಿಚ್ಚುವುದಿಲ್ಲ. ನಿಮ್ಮ ಮನೆ ಮಾಲೀಕರು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇರುತ್ತದೆ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ. ಮಾಲೀಕರು ಅದನ್ನು ಕೈಯಿಂದ ಹಾಕಿಕೊಳ್ಳುತ್ತಾರಾ? ನಿನ್ನ ಬಾಡಿಗೆಯಲ್ಲೇ ಸೇರಿರುತ್ತದೆ. ಅಂದರೆ ದುಡ್ಡು ಕೊಟ್ಟಾಗಿದೆ, ಸಾಮಾನು ತರುವುದೊಂದು ಬಾಕಿ. ಸಣ್ಣ ಠೇವಣಿಗೆ ಬಡಾವಣೆಯ ಲೈಬ್ರರಿಯಲ್ಲಿ ಕಾರ್ಡು ಸಿಗುತ್ತದೆ. ರಜೆಯಲ್ಲಿ ಒಂದು ದಿನ ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡಕ್ಕೆ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನಕ್ಕೆ ಹೋಗಿ ಕೂತು ಬಾ. ಬೇಕಾದ ಹೊಸ ಪುಸ್ತಕ ಇಲ್ಲದೇ ಇರಬಹುದು, ಕುರ್ಚಿ ಕಿರಗುಟ್ಟಬಹುದು. ಆದರೆ ಸುತ್ತ ಅಷ್ಟು ಜನ ತಲೆ ತಗ್ಗಿಸಿ ಓದುತ್ತಿರುವಾಗ ಫೋನು ತೆಗೆಯಲು ನಿನಗೇ ನಾಚಿಕೆಯಾಗುತ್ತದೆ.

ನಡೆಯುವುದಂತೂ ಪುಕ್ಕಟೆ. ಸುಮ್ಮನೆ ಹೆಜ್ಜೆ ಎಣಿಸಿಕೊಂಡು ನಡೆಯಬೇಡ, ಮರ ನೋಡಿಕೊಂಡು ನಡಿ. ಲಾಲ್‌ಬಾಗಿನ ಉಸ್ತುವಾರಿ ನೋಡುತ್ತಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆರಿಸಿದವರು. ಗುಲಾಬಿ ಬಣ್ಣದ ಟಬೆಬುಯಾ ಚಳಿಗಾಲಕ್ಕೆ, ಆಮೇಲೆ ನೀಲಿ ಜಕರಂಡ, ಯುಗಾದಿಯ ಹೊತ್ತಿಗೆ ಹೊಂಗೆ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್, ನಾವು ಚಿಕ್ಕಂದಿನಲ್ಲಿ ಕತ್ತಿಕಾಯಿ ಮರ ಅನ್ನುತ್ತಿದ್ದೆವಲ್ಲ, ಅದು. ನಿನ್ನ ಆಫೀಸಿನ ದಾರಿಯಲ್ಲಿ ಯಾವ ಮರ ಯಾವ ವಾರ ಹೂಬಿಟ್ಟಿತು ಅಂತ ಡೈರಿಯಲ್ಲಿ ಬರೆದಿಡು. ಎರಡನೇ ವರ್ಷ ಹಿಂದಿನ ವರ್ಷದ ಪುಟದ ಜೊತೆ ತಾಳೆ ನೋಡುವಾಗ ಅದರ ರುಚಿ ಗೊತ್ತಾಗುತ್ತದೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೂತು ಪುರಿ ತಿನ್ನಲು ಎಷ್ಟು ಖರ್ಚು?

ಹವ್ಯಾಸವೂ ಅಂಗಡಿಯಾಗಬಹುದು, ಅಲ್ಲೂ ಎಚ್ಚರ ಇರಲಿ. ಹಕ್ಕಿ ನೋಡುತ್ತೇನೆ ಅಂದವನು ಮೊದಲ ವಾರವೇ ದೊಡ್ಡ ಲೆನ್ಸು ಕೊಳ್ಳುತ್ತಾನೆ, ಓಡುತ್ತೇನೆ ಅಂದವನು ಹನ್ನೆರಡು ಸಾವಿರದ ಶೂ. ಆರು ತಿಂಗಳು ಬರಿಗಣ್ಣಲ್ಲಿ ನೋಡು, ಇರುವ ಶೂನಲ್ಲಿ ಓಡು. ಆಸೆ ಇನ್ನೂ ಉಳಿದಿದ್ದರೆ ಕೊಳ್ಳು, ನಾನೇ ಅರ್ಧ ಹಾಕುತ್ತೇನೆ.

ಶನಿವಾರ ರಾತ್ರಿಗೆ ನಿನಗೊಂದು ಆಟ ಹೇಳುತ್ತೇನೆ. ಚೌಕಾಬಾರ ಮರೆತುಹೋಗಿರಬೇಕು. ನೆಲದ ಮೇಲೆ ಬಳಪದಲ್ಲಿ ಐದೈದು ಮನೆ, ಒಟ್ಟು ಇಪ್ಪತ್ತೈದು. ನಾಲ್ಕೂ ಅಂಚಿನ ನಡುಮನೆಗೆ ಅಡ್ಡಗೆರೆಯ ಗುರುತು ಹಾಕಿದರೆ ಅವು ಕಟ್ಟೆಮನೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ನಟ್ಟನಡುವೆ ಹಣ್ಣಿನ ಮನೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಒಬ್ಬ ಗುಂಡಿ ಇಟ್ಟುಕೊಳ್ಳಲಿ, ಒಬ್ಬ ಕಡಲೆಬೀಜ, ಒಬ್ಬ ಬಳೆಚೂರು. ಕವಡೆ ಇಲ್ಲದಿದ್ದರೆ ಹುಣಸೆಬೀಜ ತೆಗೆದುಕೊಂಡು ಒಂದು ಮೈಯನ್ನು ಒರಟು ಕಲ್ಲಿಗೆ ಬೆಳ್ಳಗಾಗುವ ತನಕ ಉಜ್ಜು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಮಗುಚಿದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆದಿರಬೇಕು. ಹಾಗಾಗಿ ಎಷ್ಟು ಸಾಧು ಮನುಷ್ಯನಾದರೂ ಒಂದು ಸಲ ಕೆಟ್ಟವನಾಗದೆ ಗತಿಯಿಲ್ಲ. ನಿಮ್ಮ ತಾತ ಇಡೀ ಊರಿಗೆ ಸಾಧು. ಹಣ್ಣಾಗಲು ಒಂದೇ ಮನೆ ಬಾಕಿ ಇದ್ದ ನನ್ನ ಕಾಯನ್ನು ಹೊಡೆದು ಮೀಸೆಯಲ್ಲಿ ನಗುತ್ತಿದ್ದ ಅವರ ಮುಖ ಆಟದಲ್ಲಿ ಮಾತ್ರ ಕಾಣಿಸುತ್ತಿತ್ತು. ನಿನ್ನ ರೂಮಿನವರ ಮುಖವನ್ನೂ ಹೀಗೊಮ್ಮೆ ನೋಡು.

ಡಿಸೆಂಬರಿನಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ. ಹಿತುಕಿ ಮಾರುವ ಬೇಳೆಯನ್ನು ಪ್ಯಾಕೆಟ್ಟಿನಲ್ಲಿ ತರಬೇಡ, ಕಾಯಿಯನ್ನೇ ತಾ. ಬಿಡಿಸಿ, ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಮೂವರೂ ಪಾತ್ರೆಯ ಸುತ್ತ ಕೂತುಕೊಳ್ಳಿ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಚಂಗನೆ ಹಾರುತ್ತದೆ. ಮೊದಲ ಹತ್ತು ಕಾಳು ಪಾತ್ರೆಯಿಂದಾಚೆ ಬೀಳುತ್ತವೆ, ಆಮೇಲೆ ಕೈ ಕುದುರುತ್ತದೆ. ಬೆರಳೆಲ್ಲ ಒದ್ದೆ, ಅಂಟು, ಸೊಗಡಿನ ವಾಸನೆ. ಫೋನು ಮುಟ್ಟುವ ಹಾಗೇ ಇಲ್ಲ. ಕೈಗೆ ಕೆಲಸ, ಬಾಯಿಗೆ ಬಿಡುವು. ಒಂದೇ ಮನೆಯಲ್ಲಿದ್ದೂ ನೀವು ಆಡದ ಮಾತೆಲ್ಲ ಆಗ ಹೊರಬರುತ್ತದೆ. ಹಿತಕಬೇಳೆ ಸಾರು ಹೇಗೆ ಬಂದರೂ ತಿನ್ನಬಹುದು. ಉಪ್ಪು ಮಾತ್ರ ಕೊನೆಯಲ್ಲಿ ಹಾಕು.

ಸ್ನೇಹಿತರ ಜೊತೆ ಹೋಗುವ ಖರ್ಚು ಇವೆಲ್ಲಕ್ಕಿಂತ ನಾಜೂಕು. ಬಾರದಿದ್ದರೆ ಜಿಪುಣ ಅಂದುಕೊಳ್ಳುತ್ತಾರೆ ಅಂತ ಹೋಗಿ, ಬಿಲ್ಲು ಸಮನಾಗಿ ಹಂಚಿದಾಗ ಒಳಗೊಳಗೇ ಕುದಿಯುತ್ತಾ ಬರುತ್ತೀಯ. ಕುದಿಯಬೇಡ, ಜಾಗ ನೀನೇ ಸೂಚಿಸು. ಯಾರು ಮೊದಲು ಜಾಗ ಹೇಳುತ್ತಾರೋ ಅವರದೇ ಬಜೆಟ್ಟು ನಡೆಯುವುದು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗೋಣ ಅನ್ನು. ಹಸಿ, ಹುರಿದದ್ದು, ಬೇಯಿಸಿದ್ದು ಒಂದೊಂದು ಸೇರು ಕೊಂಡು ರಸ್ತೆಯುದ್ದಕ್ಕೂ ಸಿಪ್ಪೆ ಬಿಡಿಸುತ್ತಾ ನಡೆದರೆ ಸಂಜೆ ಕಳೆದೀತು. ಈ ತಿಂಗಳು ಕೈ ಬಿಗಿಯಾಗಿದೆ ಕಣ್ರೋ ಅಂತ ಹೇಳುವುದರಲ್ಲೂ ಅವಮಾನವಿಲ್ಲ. ನೀನು ಬಾಯಿಬಿಟ್ಟರೆ ಇನ್ನಿಬ್ಬರು ಉಸಿರು ಬಿಡುತ್ತಾರೆ, ನೋಡು.

ಕೈಬಿಚ್ಚಿ ಖರ್ಚು ಮಾಡಬೇಕಾದದ್ದೂ ಇದೆ. ಒಳ್ಳೆಯ ಹಾಸಿಗೆ, ಸರಿಯಾದ ಕನ್ನಡಕ, ನಿಮ್ಮಪ್ಪ ಅಮ್ಮನ ಹೆಸರಿನಲ್ಲಿ ಆರೋಗ್ಯ ವಿಮೆ; ಇವಕ್ಕೆ ಚೌಕಾಸಿ ಮಾಡಬೇಡ. ಗೆಳೆಯನ ಮದುವೆ ಊರಾಚೆ ಇದ್ದರೂ ಬಸ್ಸು ಹತ್ತು. ನಾಟಕ, ಸಂಗೀತದ ಟಿಕೆಟ್ಟು ಕೊಂಡೇ ನೋಡು, ಪುಕ್ಕಟೆ ಪಾಸಿಗೆ ಕೈಚಾಚಬೇಡ. ಆಡುವವರೂ ಹೊಟ್ಟೆಪಾಡು ಇರುವವರೇ.

ಜೆ.ಪಿ. ನಗರದ ರಂಗಶಂಕರ ನಿನ್ನ ಮನೆಗೆ ದೂರವೇನಿಲ್ಲ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ ಕಟ್ಟಿಸಿದ ರಂಗಮಂದಿರ, 2004ರಲ್ಲಿ ಬಾಗಿಲು ತೆರೆಯಿತು. ಮಾಲಿನಲ್ಲಿ ಸಿನಿಮಾ ಜೊತೆ ಪಾಪ್‌ಕಾರ್ನ್ ಕೊಳ್ಳುವ ದುಡ್ಡಿಗೆ ಅಲ್ಲಿ ನಾಟಕ ನೋಡಿ ಕ್ಯಾಂಟೀನಿನಲ್ಲಿ ತಿಂಡಿಯನ್ನೂ ತಿಂದು ಬರಬಹುದು. ಒಂದು ವಿಷಯ ತಿಳಿದಿರಲಿ. ಅಲ್ಲಿ ನಾಟಕ ಹೇಳಿದ ಸಮಯಕ್ಕೆ ಸರಿಯಾಗಿ ಶುರುವಾಗುತ್ತದೆ, ಬಾಗಿಲು ಹಾಕಿದ ಮೇಲೆ ಯಾರು ಬಂದರೂ ಒಳಗೆ ಬಿಡುವುದಿಲ್ಲ. ಅದಕ್ಕೇ ಆವತ್ತು ಆಫೀಸಿನಿಂದ ಐದೂವರೆಗೆಲ್ಲ ಹೊರಡು. ನಿಮ್ಮ ಮ್ಯಾನೇಜರ್ ಕೇಳಿದರೆ ಊರಿನಿಂದ ಅತ್ತೆ ಬಂದಿದ್ದಾರೆ ಅನ್ನು.